ಹುಟ್ಟುವುದಕ್ಕಷ್ಟೇ ಊರು ಬಿಟ್ಟವರು

ಒಂದು ಇಡೀ ಊರನ್ನು ಸಾಯಿಸಿದ ಕೀರ್ತಿ ನನ್ನದು. ಆಯುಧವೆಂದರೆ ಒಂದು ಸ್ಪ್ರೆಡ್‌ಶೀಟು. ಸಾಯಿಸಿದ ಮೇಲೆ ಹದಿನೆಂಟು ಪುಟಗಳ ವರದಿ ಬರೆದು, ಸುರುಳಿ ಬೈಂಡಿಂಗ್ ಮಾಡಿಸಿ, ಸತ್ತವರ ಕಡೆಯವರ ಕೈಗೇ ಕೊಟ್ಟು, ಅವರು ಕೊಟ್ಟ ಕಾಫಿ ಕುಡಿದು ಬಂದೆ. ಆ ಊರನ್ನು ಮತ್ತೆ ಬದುಕಿಸಲು ಏಳು ವಾರ ಹಿಡಿಯಿತು. ಆ ಏಳು ವಾರ ನನ್ನ ಕೈಹಿಡಿದವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವರೆಲ್ಲ ನೆಮ್ಮದಿಯಾಗಿರಲಿ ಎಂಬುದೇ ಕಾರಣ. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯದಿದ್ದರೆ ಅವರಿಗೆ ಹೇಳಬೇಕಾದ ಥ್ಯಾಂಕ್ಸ್ ಹೇಳದೆಯೇ ಉಳಿದುಬಿಡುತ್ತದೆ.

ತೊಂಬತ್ತರ ದಶಕದ ನಡುಭಾಗ. ಭೂಕಂಪದಲ್ಲಿ ಮುರಿದುಬಿದ್ದಿದ್ದ ಫ್ರೀವೇಯನ್ನು ಕಟ್ಟಿ ಮುಗಿಸಿ ವರ್ಷವಾಗುತ್ತ ಬಂದಿತ್ತು. ಅದೇ ಕಾಲಕ್ಕೆ ಮುರಿದುಬಿದ್ದಿದ್ದ ಉದ್ಯೋಗಗಳನ್ನು ಮಾತ್ರ ಯಾರೂ ಎತ್ತಿ ಕಟ್ಟಿರಲಿಲ್ಲ. ವಿಮಾನದ ಕಂಪನಿಗಳಲ್ಲಿ ಪ್ರತಿ ಶುಕ್ರವಾರ ಯಾರಿಗಾದರೂ ಲೇಆಫ್. ಲಾಸ್ ಏಂಜಲೀಸಿನ ಕಲ್ವರ್ ಸಿಟಿಯಲ್ಲಿ, ಒಂದು ಸಿನಿಮಾ ಸ್ಟುಡಿಯೋದ ಹಿಂಗೋಡೆಗೆ ಎದುರಾಗಿ ನಮ್ಮ ಆಫೀಸು. ಆಫೀಸು ಎಂದರೆ ಬಾಸ್, ನಾನು ಮತ್ತು ಒಂದು ಪ್ರಿಂಟರ್. ಗೋಡೆಯ ಆಚೆ ಅವರು ಇಲ್ಲದ ಊರುಗಳನ್ನು ಹಲಗೆಯಲ್ಲಿ ಕಟ್ಟುತ್ತಿದ್ದರು. ಈಚೆ ನಾವು ಇರುವ ಊರುಗಳ ಮುಂದಿನ ಜನಸಂಖ್ಯೆಯನ್ನು ಕಾಗದದಲ್ಲಿ ಕಟ್ಟುತ್ತಿದ್ದೆವು. ಬಾಸ್ ಎಪ್ಪತ್ತರ ಹತ್ತಿರದ ಅಮೆರಿಕನ್. ಕಂಪ್ಯೂಟರಿನ ಪರದೆಯನ್ನು ನಂಬುತ್ತಿರಲಿಲ್ಲ. ಪ್ರಿಂಟೌಟಿನ ಮೇಲೆ ಮರದ ಸ್ಕೇಲ್ ಇಟ್ಟು ಸಾಲು ಸಾಲಾಗಿ, ತುಟಿ ಅಲ್ಲಾಡಿಸುತ್ತ ಓದುವವರು.

ನಮ್ಮ ಶಾಸ್ತ್ರದ ಮೂಲಮಂತ್ರ ಬಹಳ ಚಿಕ್ಕದು. ಇರುವವರಿಗೆ ಹುಟ್ಟಿದವರನ್ನು ಕೂಡಿಸು, ಸತ್ತವರನ್ನು ಕಳೆ. ಬಂದವರನ್ನು ಕೂಡಿಸು, ಹೋದವರನ್ನು ಕಳೆ. ಹುಟ್ಟು ಸಾವಿಗಿಂತ ಹೆಚ್ಚಾದರೆ ಊರು ಬೆಳೆಯುತ್ತದೆ, ಕಡಿಮೆಯಾದರೆ ಕರಗುತ್ತದೆ. ಇಷ್ಟನ್ನು ಕಲಿಯಲು ನಾನು ಎರಡು ದೇಶಗಳ ವಿಶ್ವವಿದ್ಯಾಲಯಗಳಿಗೆ ತೊಂದರೆ ಕೊಟ್ಟಿದ್ದೆ. ಒಂದೇ ಒಂದು ತೊಡಕೆಂದರೆ, ಹುಟ್ಟು ಸಾವಿಗೆ ಸರ್ಕಾರದ ಪುಸ್ತಕವಿದೆ. ಬಂದು ಹೋಗುವವರಿಗೆ ಯಾವ ಪುಸ್ತಕವೂ ಇಲ್ಲ. ಆದ್ದರಿಂದ ಲೆಕ್ಕ ಸೇರದೆ ಉಳಿದುದಕ್ಕೆಲ್ಲ ‘ವಲಸೆ’ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ನಮ್ಮ ವಾಡಿಕೆ. ಅಡುಗೆಮನೆಯಲ್ಲಿ ಏನು ಕಾಣೆಯಾದರೂ ಬೆಕ್ಕಿನ ಮೇಲೆ ಹಾಕುವ ಹಾಗೆ.

ಸ್ಯಾನ್ ಡಿಯಾಗೋದ ಉತ್ತರಕ್ಕೆ, ಸಮುದ್ರದಿಂದ ಸ್ವಲ್ಪ ಒಳಗೆ, ಹೂವಿನ ನರ್ಸರಿಗಳ ನಡುವೆ ಒಂದು ಸಣ್ಣ ಊರು. ಅಲ್ಲಿ ಎರಡು ಪ್ರಾಥಮಿಕ ಶಾಲೆಗಳು. ಚಿಕ್ಕದನ್ನು ಮುಚ್ಚಿ, ಮಕ್ಕಳನ್ನು ಬಸ್ಸಿನಲ್ಲಿ ಫ್ರೀವೇ ದಾಟಿಸಿ ದೊಡ್ಡದಕ್ಕೆ ಕಳಿಸಬಹುದೇ ಎಂದು ಅಲ್ಲಿನ ಶಾಲಾ ಬೋರ್ಡು ನಮ್ಮನ್ನು ಕೇಳಿತು. ಮುಂದಿನ ಹತ್ತು ವರ್ಷ ಕಿಂಡರ್‌ಗಾರ್ಟನ್ನಿಗೆ ಎಷ್ಟು ಮಕ್ಕಳು ಬರುತ್ತಾರೆಂದು ಹೇಳುವುದು ನನ್ನ ಕೆಲಸ. ಈ ವರ್ಷ ಹುಟ್ಟಿದವರು ಐದು ವರ್ಷದ ಮೇಲೆ ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಇದರಲ್ಲಿ ಮಹಾ ಬುದ್ಧಿವಂತಿಕೆ ಏನೂ ಬೇಕಿಲ್ಲ.

ತಾಯಿಯ ವಾಸದ ವಿಳಾಸದ ಮೇಲೆ ವಿಂಗಡಿಸಿದ ಜನನದ ಪಟ್ಟಿ, ಸತ್ತವರ ವಿಳಾಸದ ಮೇಲೆ ವಿಂಗಡಿಸಿದ ಮರಣದ ಪಟ್ಟಿ, ಎರಡನ್ನೂ ತರಿಸಿದೆ. ಹುಟ್ಟಿನದು ತೆಳ್ಳಗಿತ್ತು, ಸಾವಿನದು ದಪ್ಪಗಿತ್ತು. ಆದರೆ ಒಂದು ವಿಚಿತ್ರ: ಹಿಂದಿನ ಪ್ರತಿ ವರ್ಷವೂ, ಊರಿನಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚು ಮಕ್ಕಳು ಶಾಲೆಗೆ ಬಂದಿದ್ದರು. ನಾನು ಬೆಕ್ಕನ್ನು ಕರೆದೆ. ಇವರು ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳ ಮಕ್ಕಳು ಎಂದು ಬರೆದೆ. ಈಗ ಕೆಲಸಗಳೇ ಇಲ್ಲ, ಇನ್ನು ಯಾರು ಬರುತ್ತಾರೆ? ವಲಸೆಯ ಕಾಲಮ್ಮಿನಲ್ಲಿ ಸೊನ್ನೆ ಒತ್ತಿದೆ. ಸೊನ್ನೆ ಒತ್ತಲು ಒಂದು ಬೆರಳು ಸಾಕು. ಪರದೆಯ ಮೇಲೆ ಊರು ವರ್ಷದಿಂದ ವರ್ಷಕ್ಕೆ ಒಣಗುತ್ತ ಹೋಯಿತು.

ವರದಿ ಒಪ್ಪಿಸಿದ ವಾರವೇ ಆ ಊರಿನ ವಾರಪತ್ರಿಕೆ ‘ನಮ್ಮೂರು ಸಾಯುತ್ತಿದೆ’ ಎಂದು ದಪ್ಪಕ್ಷರದಲ್ಲಿ ಬರೆಯಿತು. ಬೋರ್ಡಿನ ಅಧ್ಯಕ್ಷರು ನನಗೆ ಫೋನ್ ಮಾಡಿ ಅಭಿನಂದಿಸಿದರು. ಶಾಲೆ ಮುಚ್ಚುವ ಮತದಾನಕ್ಕೆ ಏಳು ವಾರ ಇತ್ತು.

ಮಾರನೆಯ ದಿನ ಇನ್ನೊಂದು ಫೋನ್. ಆ ಶಾಲೆಯ ಪ್ರಿನ್ಸಿಪಾಲರು. ಅವರು ಆಡಿದ್ದು ಇಂಗ್ಲಿಷ್. ನನ್ನ ನೆನಪಿನಲ್ಲಿ ಅದು ಯಾವಾಗಲೋ ಕನ್ನಡವಾಗಿದೆ.

“ನಿಮ್ಮ ಲೆಕ್ಕ ತಪ್ಪು ಅಂತ ನಾನು ಹೇಳಲ್ಲ. ನಂಗೆ ಲೆಕ್ಕ ಬರಲ್ಲ. ಮಂಗಳವಾರ ಕಿಂಡರ್‌ಗಾರ್ಟನ್ ರಿಜಿಸ್ಟ್ರೇಷನ್ ಇದೆ. ಬಂದು ಸುಮ್ನೆ ನೋಡಿ.”

“ಮೇಡಂ, ಒಂದು ದಿನ ಬಂದು ನೋಡಿದ್ರೆ ಅದು ಡೇಟಾ ಆಗಲ್ಲ.”

“ಆಗದಿದ್ರೆ ಬೇಡ. ಬಂದು ನೋಡೋಕೇನು ಕಷ್ಟ?”

ಇಷ್ಟು ಸರಳವಾದ ಪ್ರಶ್ನೆಗೆ ಉತ್ತರ ಹೊಳೆಯದೆ ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋದೆ.

ರಿಜಿಸ್ಟ್ರೇಷನ್ ನಡೆಸುತ್ತಿದ್ದವರು ಶಾಲೆಯ ಸೆಕ್ರೆಟರಿ. ಮೆಕ್ಸಿಕೋ ಮೂಲದ ಕುಟುಂಬದ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಎದುರಿಗೆ ಬಂದ ತಾಯಂದಿರ ಗಂಡಂದಿರಲ್ಲಿ ಅರ್ಧದಷ್ಟು ಜನ ಇದೇ ಶಾಲೆಯಲ್ಲಿ ಮೂಗು ಸುರಿಸಿಕೊಂಡು ಕೂತಿದ್ದನ್ನು ನೆನಪಿಟ್ಟುಕೊಂಡವರು. ತಾಯಂದಿರು ಸಾಲಿನಲ್ಲಿ ಬಂದರು. ಸೆಕ್ರೆಟರಿ ಮಗುವಿನ ಹೆಸರು ಬರೆದರು, ಹುಟ್ಟಿದ ದಿನ ಬರೆದರು, ಆಮೇಲೆ ಪೆನ್ನು ಎತ್ತಿ ಕೇಳಿದರು:

“ನಿಮ್ಮಮ್ಮ ಇರೋದೆಲ್ಲಿ?”

“ಈಸ್ಟ್ ಎಲ್.ಎ.”

‘ಹುಟ್ಟಿದ ಸ್ಥಳ’ ಎಂಬ ಕಾಲಮ್ಮಿನಲ್ಲಿ ಲಾಸ್ ಏಂಜಲೀಸ್ ಎಂದು ಬರೆದು, ತಾಯಿ ಕೊಟ್ಟ ಜನನ ಪ್ರಮಾಣಪತ್ರದ ಮೇಲೆ ಒಮ್ಮೆ ಕಣ್ಣಾಡಿಸಿ, ಸರಿಯಿದೆ ಎಂದು ತಲೆಯಾಡಿಸಿದರು. ಮುಂದಿನವಳಿಗೂ ಅದೇ ಪ್ರಶ್ನೆ. ಅದರ ಮುಂದಿನವಳಿಗೂ. ನಾನು ಮೂಲೆಯಲ್ಲಿ ಅಧಿಕಾರಿಯಂತೆ ಗಂಭೀರವಾಗಿ ನಿಂತಿದ್ದವನು, ತಡೆಯಲಾರದೆ ಹತ್ತಿರ ಹೋದೆ.

“ಹುಟ್ಟಿದ ಸ್ಥಳ ಬರೆಯೋಕೆ ಅವರಮ್ಮನ ಊರು ಯಾಕೆ ಕೇಳ್ತೀರಿ?”

ಸೆಕ್ರೆಟರಿ ಕನ್ನಡಕದ ಮೇಲಿಂದ ನೋಡಿದರು. “ಮತ್ತೆ ಮಗು ಇನ್ನೆಲ್ಲಿ ಹುಟ್ಟುತ್ತೆ? ಹೆತ್ತ ಮೇಲೆ ನಲವತ್ತು ದಿನ ಅವಳನ್ನ ಮಲಗಿಸಿ, ಕೋಳಿ ಸಾರು ಮಾಡಿ ಹಾಕೋರು ಯಾರು? ನೀವಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸೊಂಟದ ಮೇಲೆ ಇನ್ನೊಂದು ಕೂಸನ್ನು ಹೊತ್ತಿದ್ದ ತಾಯಿಯೊಬ್ಬಳು, “ನಾನು ಇಲ್ಲೇ ಹೆತ್ತಿದ್ರೆ ನಮ್ಮಮ್ಮ ಇವತ್ತಿಗೂ ನನ್ನ ಹತ್ರ ಮಾತಾಡ್ತಿರಲಿಲ್ಲ” ಎಂದಳು.

“ನೀವು ಇರೋದು ಯಾವೂರು?” ಎಂದೆ.

“ಇದೇ ಊರು. ಮದುವೆ ಆದಾಗಿಂದ.”

“ಆಸ್ಪತ್ರೆ ಫಾರ್ಮಲ್ಲಿ ಯಾವ ಅಡ್ರೆಸ್ ಕೊಟ್ರಿ?”

“ಅಮ್ಮಂದು. ಮಗು ಪೇಪರೆಲ್ಲ ಪೋಸ್ಟಲ್ಲಿ ಬರುತ್ತಲ್ಲ? ನಾನಿರೋದು ಅಲ್ಲಿ. ಇಲ್ಲಿಗೆ ಬಂದಿದ್ರೆ ನನ್ನ ಗಂಡ ಅದರ ಮೇಲೆ ಪಿಟ್ಜಾ ಇಟ್ಕೊಂಡು ತಿಂತಿದ್ದ.”

ಇವರು ವಲಸೆ ಬಂದವರಲ್ಲ. ಇವರ ತಂದೆತಾಯಿ ಮೊದಲಿಂದ ಇಲ್ಲೇ ಇದ್ದವರು. ಈ ಮಕ್ಕಳು ಹುಟ್ಟುವುದಕ್ಕಷ್ಟೇ ಊರು ಬಿಟ್ಟು, ನಲವತ್ತು ದಿನದ ಮೇಲೆ ತಮ್ಮ ಮನೆಗೆ ತಾವು ಬಂದಿದ್ದರು. ಲಾಸ್ ಏಂಜಲೀಸಿನ ಪುಸ್ತಕದಲ್ಲಿ ಹುಟ್ಟಿ, ಈ ಊರಿನ ಪುಸ್ತಕದಲ್ಲಿ ಇಲ್ಲದೆ, ಇದೇ ಊರಿನ ಶಾಲೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಕಾರ್ಖಾನೆ ಮುಚ್ಚಿದರೂ ತೆರೆದರೂ ಇವರು ಬರುವವರೇ. ನಾನು ಒತ್ತಿದ ಸೊನ್ನೆಯಲ್ಲಿ ಇವರೆಲ್ಲ ಇದ್ದರು.

ಆ ಸಂಜೆ ಊಟಕ್ಕೆ ಕೂತಾಗ ಇದನ್ನು ಮಹಾ ಸಂಶೋಧನೆಯೆಂಬಂತೆ ಹೆಂಡತಿಗೆ ವಿವರಿಸಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

“ಅಲ್ರೀ, ತವರಿಗೆ ಹೋಗಿ ಹೆರ್ತಾರೆ ಅಂತ ತಿಳ್ಕೊಳ್ಳೋಕೆ ಸ್ಯಾನ್ ಡಿಯಾಗೋ ತನಕ ಡ್ರೈವ್ ಮಾಡ್ಬೇಕಿತ್ತಾ? ನನ್ನ ಕೇಳಿದ್ರೆ ಆಗ್ತಿರಲಿಲ್ವಾ?”

“ಇಲ್ಲೂ ಹಾಗೇ ಅಂತ ಯಾರಿಗೆ ಗೊತ್ತಿತ್ತು?”

“ಸರಿ. ನಮ್ಮ ಮಗಳು ಹುಟ್ಟಿದಾಗ ಫಾರ್ಮ್ ತುಂಬಿದ್ದು ಯಾರು?”

ನಾನು ಅಗಿಯುವುದನ್ನು ನಿಲ್ಲಿಸಿದೆ.

ಮಗಳು ಹುಟ್ಟುವ ಹೊತ್ತಿಗೆ ನನ್ನ ಅತ್ತೆಗೆ ವೀಸಾ ಸಿಕ್ಕಿರಲಿಲ್ಲ. ಲಾಸ್ ಏಂಜಲೀಸಿನ ಪೂರ್ವದ ವಾಲ್‌ನಟ್ ಊರಿನಲ್ಲಿದ್ದ ಉಡುಪಿ ಕಡೆಯ ಆಂಟಿಯೊಬ್ಬರು, ರಕ್ತಸಂಬಂಧವೇನೂ ಇಲ್ಲದವರು, ದೇವಸ್ಥಾನದಲ್ಲಿ ಎರಡು ಸಲ ನೋಡಿದ ಪರಿಚಯದ ಮೇಲೆ ಇವಳನ್ನು ಕರೆದುಕೊಂಡು ಹೋಗಿ ನಲವತ್ತು ದಿನ ಬಾಣಂತನ ಮಾಡಿದರು. ಎಣ್ಣೆ ನೀರು, ಮೆಣಸಿನ ಸಾರು, ಕೂಸಿಗೆ ಹೊಗೆ ಹಾಕಲು ಹೋಗಿ ಫೈರ್ ಅಲಾರಂ ಬಡಿದದ್ದು, ಯಾವುದನ್ನೂ ಕಡಿಮೆ ಮಾಡಲಿಲ್ಲ. ಆಸ್ಪತ್ರೆಯ ಫಾರ್ಮಿನಲ್ಲಿ, ತಾಯಿಯ ವಾಸದ ವಿಳಾಸ ಎಂಬಲ್ಲಿ, ಕಾಗದಪತ್ರ ಕಳೆದುಹೋಗದಿರಲಿ ಎಂದು ಆಂಟಿಯ ವಿಳಾಸ ಬರೆದವನು ನಾನೇ. ಜನಸಂಖ್ಯಾ ತಜ್ಞನ ಏಕೈಕ ಸಂತಾನ, ನಮ್ಮ ಮನೆಯಿರುವ ಕಲ್ವರ್ ಸಿಟಿಯ ಪಟ್ಟಿಯಲ್ಲಿಲ್ಲ. ವಾಲ್‌ನಟ್‌ನ ಪಟ್ಟಿಯಲ್ಲಿದೆ. ಅಲ್ಲಿ ನನ್ನಂಥ ಇನ್ನೊಬ್ಬ ಪಂಡಿತ ಅವಳಿಗಾಗಿ ಕಿಂಡರ್‌ಗಾರ್ಟನ್ನಿನಲ್ಲಿ ಒಂದು ಜಾಗ ಇಟ್ಟುಕೊಂಡು ಕಾಯುತ್ತಿದ್ದನೋ ಏನೋ.

“ಅಮ್ಮಾ, ವಾಟ್ ಡಿಡ್ ಅಪ್ಪ ಡೂ?” ಎಂದು ಮಗಳು ಕೇಳಿದಳು.

“ನಿನ್ನನ್ನ ಆಂಟಿ ಲೆಕ್ಕಕ್ಕೆ ಬರೆದುಬಿಟ್ಟಿದ್ದಾರೆ ಪುಟ್ಟಾ.”

“ಕೂಲ್,” ಎಂದಳು ಮಗಳು.

ಆಂಟಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. “ಎಂತ ಮಾರಾಯ, ಅದಕ್ಕೆ ಇಷ್ಟು ಬೇಜಾರೆಂತಕೆ?” ಎಂದರು. “ನಮ್ಮ ಲೆಕ್ಕದಲ್ಲಿ ಉಂಟಲ್ಲ? ಹಾಗಾದ್ರೆ ಸ್ಕೂಲಿಗೆ ಇಲ್ಲಿಗೇ ಕಳಿಸಿ. ಇಲ್ಲಿ ಸ್ಕೂಲು ಒಳ್ಳೇದುಂಟು.”

ಬೆಳಿಗ್ಗೆ ಬಾಸಿನ ಎದುರು ನಿಂತು ಎಲ್ಲ ಹೇಳಿದೆ. ನನ್ನ ಮಗಳ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಸ್ಕೇಲನ್ನು ಟೇಬಲ್ಲಿನ ಅಂಚಿಗೆ ಸರಿಯಾಗಿ ಜೋಡಿಸಿ ಇಟ್ಟರು.

“ಎರಡು ದಾರಿ ಇದೆ. ವರದಿ ಹಾಗೇ ಇರಲಿ, ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಹಾಕೋಣ. ಅದನ್ನ ಯಾರೂ ಓದಲ್ಲ. ಇಲ್ಲಾಂದ್ರೆ ವರದಿ ವಾಪಸ್ ತಗೋಬೇಕು. ಆಗ, ಪ್ರಿನ್ಸಿಪಾಲ್ ಅತ್ತರು, ಇವರು ಅಂಕಿ ಬದಲಾಯಿಸಿದರು ಅಂತ ಎಲ್ಲರೂ ಹೇಳ್ತಾರೆ. ನಿಮಗೇನನ್ನಿಸುತ್ತೆ?”

“ವಾಪಸ್ ತಗೋಬೇಕು ಅನ್ಸುತ್ತೆ.”

“ಹೊಸ ಲೆಕ್ಕ ಹೇಗೆ ಬರುತ್ತೆ ಅಂತ ಗೊತ್ತಾಗೋ ಮುಂಚೆಯೇ?”

“ಹೌದು. ಹೊಸದು ಹೇಗೇ ಬರಲಿ, ಹಳೇದು ತಪ್ಪು.”

ಅವರು ನನ್ನ ವರದಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು. “ಮುಂದೆ ಆಗೋದನ್ನ ತಪ್ಪಾಗಿ ಹೇಳಿದ್ರೆ ಅದು ನಮ್ಮ ಕಸುಬು. ಆಗಿಹೋದದ್ದನ್ನ ತಪ್ಪಾಗಿ ಹೇಳಿದ್ರೆ ಅದು ನಮ್ಮ ತಪ್ಪು” ಎಂದು, ಬೋರ್ಡಿಗೆ ಫ್ಯಾಕ್ಸ್ ಕಳಿಸಲು ಲೆಟರ್‌ಹೆಡ್ ತೆಗೆದರು. ಕೆಳಗೆ ನನ್ನ ಸಹಿಗೆ ಜಾಗ ಬಿಡಲಿಲ್ಲ. ತಾವೊಬ್ಬರೇ ಸಹಿ ಮಾಡಿದರು. ಆ ಸಹಿಯನ್ನು ನಾನು ಮರೆತಿಲ್ಲ.

ಆಮೇಲೆ ತಲೆ ಎತ್ತಿ ಇನ್ನೊಂದು ಮಾತು ಕೇಳಿದರು, ಅದು ನನ್ನ ಉತ್ಸಾಹವನ್ನು ಅರ್ಧಕ್ಕಿಳಿಸಿತು. “ಆ ಊರಿನ ಹೆಣ್ಣುಮಕ್ಕಳೂ ಮದುವೆಯಾಗಿ ಹೊರಗೆ ಇರ್ತಾರಲ್ಲ? ಅವರು ಹೆರೋಕೆ ಅಲ್ಲಿಗೆ ಬರಲ್ವಾ? ಆ ಮಕ್ಕಳು ಊರಿನ ಪಟ್ಟಿಯಲ್ಲಿರ್ತವೆ, ಶಾಲೆಗೆ ಬರಲ್ಲ. ಹೋದವರನ್ನ ಮಾತ್ರ ಎಣಿಸಿ, ಬಂದವರನ್ನ ಬಿಟ್ಟು ನನ್ನ ಹತ್ರ ಬರಬೇಡಿ.”

ಹಾಗಾಗಿ ಎರಡೂ ಕಡೆಯಿಂದ ಎಣಿಸಬೇಕಾಯಿತು. ಶಾಲೆಯ ಕಡತಗಳನ್ನು ನನಗೆ ತೋರಿಸುವ ಹಾಗಿರಲಿಲ್ಲ. ಮಕ್ಕಳ ವಿವರ ಗುಟ್ಟಿನದು. ಪ್ರಿನ್ಸಿಪಾಲರು ಒಂದು ಉಪಾಯ ಮಾಡಿದರು. ಸ್ಟೋರ್ ರೂಮಿನಲ್ಲಿ ಸೆಕ್ರೆಟರಿ ಒಂದು ಕಡೆ, ನಾನು ಇನ್ನೊಂದು ಕಡೆ, ನಡುವೆ ರಟ್ಟಿನ ಪೆಟ್ಟಿಗೆಗಳ ಗೋಡೆ. ಅವರು ಹೆಸರು ಬಿಟ್ಟು ಎರಡೇ ಸಂಗತಿ ಓದಿ ಹೇಳುವುದು: ಮಗು ಹುಟ್ಟಿದ ಊರು, ಕುಟುಂಬ ಈ ಊರಿಗೆ ಬಂದ ವರ್ಷ. ನಾನು ಗೀಟು ಹಾಕುವುದು. ಹೊರಗೆ ಹುಟ್ಟಿ, ಕುಟುಂಬ ಆಮೇಲೆ ಬಂದಿದ್ದರೆ ಅದು ನಿಜವಾದ ವಲಸೆ. ಹೊರಗೆ ಹುಟ್ಟಿ, ಕುಟುಂಬ ಮೊದಲೇ ಇಲ್ಲಿದ್ದರೆ ಅದು ಅಜ್ಜಿಯ ಮನೆ.

ಆರು ವರ್ಷಗಳ ಕಡತ, ಎರಡು ವಾರ. ಸೆಕ್ರೆಟರಿ ತಮ್ಮ ಕೆಲಸ ಮುಗಿಸಿ ಮಧ್ಯಾಹ್ನದ ಮೇಲೆ ಬಂದು, ಅರ್ಚನೆಗೆ ಗೋತ್ರ ನಕ್ಷತ್ರ ಹೇಳುವವರ ಧಾಟಿಯಲ್ಲಿ ಓದುತ್ತ ಹೋಗುತ್ತಿದ್ದರು. ಇದಕ್ಕೆ ಅವರಿಗೆ ಓವರ್‌ಟೈಮ್ ಇರಲಿಲ್ಲ. ಶಾಲೆ ಮುಚ್ಚಿದರೆ ಅವರಿಗೆ ಕೆಲಸವೂ ಇರಲಿಲ್ಲ. ಆದರೂ ಒಂದು ಸಲವೂ ಅನುಮಾನವಿದ್ದ ಕಡತವನ್ನು ತಮಗೆ ಬೇಕಾದ ಕಡೆಗೆ ತಳ್ಳಲಿಲ್ಲ. ಇಸವಿ ಸರಿಯಾಗಿ ಕಾಣದಿದ್ದರೆ, “ಇದನ್ನ ಬಿಡಿ, ಮುಂದಕ್ಕೆ” ಎನ್ನುತ್ತಿದ್ದರು.

ನಡುವೆ ಒಮ್ಮೆ ಪೆಟ್ಟಿಗೆಗಳ ಆಚೆಯಿಂದ ಪ್ರಶ್ನೆ ಬಂತು. “ನಮ್ಮೂರಲ್ಲಿ ತುಂಬಾ ಜನ ಸಾಯ್ತಾರೆ ಅಂತ ಬರೆದಿದ್ರಲ್ಲ, ಯಾರವರು?”

“ಯಾರು ಅಂತ ಪಟ್ಟಿಯಲ್ಲಿರಲ್ಲ. ವಿಳಾಸ ಮಾತ್ರ.”

“ಗುಡ್ಡದ ಮೇಲೆ ವೃದ್ಧರ ನರ್ಸಿಂಗ್ ಹೋಮ್ ಇದೆ. ನಮ್ಮ ಅಕ್ಕ ಅಲ್ಲಿ ಅಡುಗೆಯವಳು. ಅಲ್ಲಿರೋರೆಲ್ಲ ಲಾಸ್ ಏಂಜಲೀಸು, ಸ್ಯಾನ್ ಡಿಯಾಗೋದಿಂದ ಬಂದವರು. ಕೊನೇ ವರ್ಷ ಎರಡು ವರ್ಷ ಇಲ್ಲಿರ್ತಾರೆ. ಅವರು ಹೋದ್ರೆ ನಮ್ಮ ಬೀದಿಯಲ್ಲಿ ಯಾವ ಮನೆ ಖಾಲಿ ಆಗುತ್ತೆ?”

ಜಿಲ್ಲಾ ಕಚೇರಿಯವರನ್ನು ಬೇಡಿಕೊಂಡು ಆ ಒಂದು ವಿಳಾಸದ ಸಾವುಗಳನ್ನು ಬೇರೆ ಮಾಡಿಸಿದೆ. ದಪ್ಪಗಿದ್ದ ಪಟ್ಟಿ ಸೊರಗಿತು. ಊರಿನ ಹುಟ್ಟುಗಳು ಲಾಸ್ ಏಂಜಲೀಸಿಗೆ ಹೋಗಿದ್ದವು, ಲಾಸ್ ಏಂಜಲೀಸಿನ ಸಾವುಗಳು ಊರಿಗೆ ಬಂದಿದ್ದವು. ಎರಡನ್ನೂ ನಾನು ಭಕ್ತಿಯಿಂದ ಕೂಡಿ ಕಳೆದು, ಫಲಿತಾಂಶಕ್ಕೆ ಶಾಸ್ತ್ರವೆಂದು ಕರೆದಿದ್ದೆ.

ಬಾಸಿನ ಪ್ರಶ್ನೆಗೆ ಉತ್ತರ ಊರಿನ ಲಸಿಕೆ ಕ್ಲಿನಿಕ್ಕಿನಲ್ಲಿ ಸಿಕ್ಕಿತು. ಅಲ್ಲಿನ ನರ್ಸು ಹೆಸರು ಹೇಳದೆ ಎಣಿಕೆ ಮಾತ್ರ ಕೊಟ್ಟರು: ಎಷ್ಟು ಕೂಸುಗಳಿಗೆ ಮೊದಲ ಕಾರ್ಡು ತೆರೆದರು, ಅದರಲ್ಲಿ ಎಷ್ಟು ಕಾರ್ಡುಗಳು ಎರಡು ತಿಂಗಳೊಳಗೆ ಬೇರೆ ಊರಿಗೆ ವರ್ಗವಾದವು. ಬಾಸ್ ಹೇಳಿದ್ದು ನಿಜ. ಈ ಊರಿನ ಅಜ್ಜಿಯರೂ ಸುಮ್ಮನೆ ಕೂತಿರಲಿಲ್ಲ. ಆ ಮಕ್ಕಳನ್ನು ಕಳೆದೆ.

ಹೊಸ ಲೆಕ್ಕವನ್ನು ಮೊದಲು ಪ್ರಿನ್ಸಿಪಾಲರಿಗೆ ತೋರಿಸಿದೆ. ಅವರು ಗೆರೆಯನ್ನು ಬೆರಳಿನಲ್ಲಿ ಹಿಂಬಾಲಿಸಿದರು.

“ಇದು ಮೇಲಕ್ಕೆ ಹೋಗ್ತಿಲ್ಲ.”

“ಇಲ್ಲ. ಸ್ವಲ್ಪ ಸ್ವಲ್ಪ ಇಳೀತಿದೆ. ಎಲ್ಲಾ ಕಡೆ ಈಗ ಹುಟ್ಟು ಕಡಿಮೆ ಆಗ್ತಿದೆ ಮೇಡಂ, ಇಲ್ಲೂ ಅಷ್ಟೇ. ಆದ್ರೆ ನಿಮ್ಮ ಶಾಲೆ ತುಂಬೋಷ್ಟು ಮಕ್ಕಳು ಹತ್ತು ವರ್ಷವೂ ಇರ್ತಾರೆ.”

“ಇಷ್ಟೇನಾ?”

“ಇಷ್ಟೇ.”

“ಸಾಕು ಬಿಡಿ” ಎಂದು ಕಾಗದ ಮಡಚಿದರು. ಇನ್ನೂ ಒಳ್ಳೆಯ ಅಂಕಿ ಬೇಕೆಂದು ಕೇಳಬಹುದಿತ್ತು, ಕೇಳಲಿಲ್ಲ.

ಬೋರ್ಡಿನ ಸಭೆ ಸಂಜೆ ಐದಕ್ಕೆ, ಶಾಲೆಯ ಊಟದ ಹಾಲ್‌ನಲ್ಲಿ. ಬಾಸ್ ಇಂಥ ಸಭೆಗಳಿಗೆ ಎಂದೂ ಬರುವವರಲ್ಲ. ಆ ದಿನ ಟೈ ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ನಾನು ಎದ್ದು, “ಮೊದಲ ವರದಿ ಬರೆದವನು ನಾನು, ಅದು ತಪ್ಪು” ಎಂದು ಶುರುಮಾಡಿದೆ. ಇಂಗ್ಲಿಷಿನಲ್ಲಿ ಈ ವಾಕ್ಯ ಇನ್ನೂ ಚಿಕ್ಕದು. ಹೇಳಲು ಮಾತ್ರ ಅಷ್ಟೇ ಹೊತ್ತು ಹಿಡಿಯುತ್ತದೆ.

ಅಧ್ಯಕ್ಷರು ಕುರ್ಚಿಗೆ ಒರಗಿದರು. “ಏಳು ವಾರದ ಹಿಂದೆ ಊರು ಸಾಯ್ತಿತ್ತು. ಈಗ ಎದ್ದು ಕೂತಿದೆ. ಯಾವ ಔಷಧಿ ಕೊಟ್ರಿ?”

“ಪೇಷಂಟ್ ಆರೋಗ್ಯವಾಗೇ ಇದ್ದರು ಸರ್. ಕಾಯಿಲೆ ಇದ್ದದ್ದು ಡಾಕ್ಟರಿಗೆ.”

ಹಾಲ್ ನಕ್ಕಿತು, ಅಧ್ಯಕ್ಷರು ನಗಲಿಲ್ಲ. ಒಂದು ಗಂಟೆ ಪ್ರಶ್ನೆ ಕೇಳಿದರು, ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಹೊರಗೆ ಹೋಗಿ ಹೆರುವ ಪದ್ಧತಿ ನಿಂತರೆ? ಆಗ ಅವೇ ಮಕ್ಕಳು ಈ ಊರಿನ ಪಟ್ಟಿಯಲ್ಲೇ ಕಾಣುತ್ತಾರೆ, ಶಾಲೆಗೆ ವ್ಯತ್ಯಾಸವಿಲ್ಲ ಎಂದೆ. ಬಂದವರನ್ನು ಕಳೆದಿದ್ದೀರಾ? ಕಳೆದಿದ್ದೇವೆ ಎಂದು ಬಾಸ್ ಕೂತಲ್ಲಿಂದಲೇ ಹೇಳಿದರು. ಮತ ಹಾಕಿದಾಗ ಎರಡರ ವಿರುದ್ಧ ಮೂರು: ಶಾಲೆ ಉಳಿಯಲಿ, ಆದರೆ ಸೆಪ್ಟೆಂಬರಿನಲ್ಲಿ ನಮ್ಮ ಹೊಸ ಅಂದಾಜಿಗಿಂತ ಕಡಿಮೆ ಮಕ್ಕಳು ಬಂದರೆ ವಿಷಯ ಮತ್ತೆ ಸಭೆಗೆ ಬರಲಿ. ಉಳಿಯಲಿ ಎಂದು ಎದ್ದ ಮೂರನೆಯ ಕೈ ಅಧ್ಯಕ್ಷರದು.

ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಮೊದಲ ದಿನ ರಜೆ ಹಾಕಿ ಹೋದೆ. ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಕಿಂಡರ್‌ಗಾರ್ಟನ್ನಿನ ಗೇಟಿನ ಪಕ್ಕ ಪೆನ್ಸಿಲ್ ಹಿಡಿದು ನಿಂತೆ. ಹೊಸ ಬೂಟು, ಬೆನ್ನಿಗಿಂತ ದೊಡ್ಡ ಚೀಲ, ಅಳುವವರು, ಅಮ್ಮಂದಿರನ್ನು ಸಮಾಧಾನ ಮಾಡುವವರು. ಐದು ಐದರ ಕಟ್ಟುಗಳಲ್ಲಿ ಗೀಟು ಹಾಕುತ್ತ ಹೋದೆ. ಗಂಟೆ ಬಾರಿಸಿದಾಗ ಕೂಡಿದೆ. ಮತ್ತೊಮ್ಮೆ ಕೂಡಿದೆ. ನನ್ನ ಅಂದಾಜಿಗಿಂತ ನಾಲ್ಕು ಹೆಚ್ಚು.

ಕಿಂಡರ್‌ಗಾರ್ಟನ್ ಕೋಣೆಯ ಬಾಗಿಲಿಗೆ ಓಡಿದೆ. ಪ್ರಿನ್ಸಿಪಾಲರು ಒಳಗೆ ನಿಂತು, ಜಾಗ ಸಿಗದೆ ಗೋಡೆಗೆ ಒರಗಿದ್ದ ನಾಲ್ಕು ಮಕ್ಕಳನ್ನು ನೋಡುತ್ತಿದ್ದರು.

“ಮೇಡಂ, ನಾಲ್ಕು ಹೆಚ್ಚಾಗಿದೆ. ಇದಕ್ಕೆ ಮೂರು ಕಾರಣ ಇರಬಹುದು. ಒಂದು, ಲಸಿಕೆ ಕಾರ್ಡಿನ ಲೆಕ್ಕದಲ್ಲಿ…”

“ಕಾರಣ ಆಮೇಲೆ ಹೇಳಿ,” ಎಂದರು. “ಮೊದಲು ಲೈಬ್ರರಿಯಿಂದ ನಾಲ್ಕು ಕುರ್ಚಿ ತನ್ನಿ.”

ಹೋಗಿ ತಂದೆ. ಒಂದೊಂದು ಕೈಯಲ್ಲಿ ಎರಡೆರಡು.